ಈಜಿಪ್ಟಿನಲ್ಲಿ ಬಾಗಿಲು ತೆರೆದವರು ಯಾರು?

ಪ್ರಭು ಯೇಸು ಹಸುಗೂಸಾಗಿದ್ದಾಗಲೇ ನಿರಾಶ್ರಿತರಾದರು. ಹೆರೋದನ ಕೈಯಿಂದ ಮಗುವನ್ನು ಉಳಿಸಲು ಸಂತ ಜೋಸೆಫರು ರಾತ್ರೋರಾತ್ರಿ ತಾಯಿ-ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟದ್ದನ್ನು ಸಂತ ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಪರದೇಶದಲ್ಲಿ ಅವರಿಗೆ ಮನೆ ತೋರಿಸಿದವರು ಯಾರು? ಜೋಸೆಫರಿಗೆ ಕೆಲಸ ಹುಡುಕಿಕೊಟ್ಟವರು ಯಾರು? ಶುಭಸಂದೇಶ ಹೇಳುವುದಿಲ್ಲ. ಆದರೆ ಅಂಥವರು ಯಾರಾದರೂ ಇದ್ದಿರಲೇಬೇಕು.

ಇಂಥ ಹೆಸರಿಲ್ಲದ ನೆರೆಹೊರೆಯವರು ನಮ್ಮ ಕಾಲದಲ್ಲೂ ಇದ್ದಾರೆ. ಕೆನಡಾದಲ್ಲಿ 1978ರಲ್ಲಿ ಜಾರಿಗೆ ಬಂದ ವಲಸೆ ಕಾನೂನು, ನಿರಾಶ್ರಿತರ ಹೊಣೆ ಹೊರುವ ಅವಕಾಶವನ್ನು ಸಾಮಾನ್ಯ ಜನರಿಗೂ ಕೊಟ್ಟಿತು. ಕನಿಷ್ಠ ಐದು ಮಂದಿ ಸೇರಿ, ಅಥವಾ ಒಂದು ಧರ್ಮಕೇಂದ್ರ ಮುಂದೆ ಬಂದು, ಒಂದು ಕುಟುಂಬವನ್ನು ಸುಮಾರು ಒಂದು ವರ್ಷ ನೋಡಿಕೊಳ್ಳಬಹುದಿತ್ತು. ಆಗ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್ ದೇಶಗಳಿಂದ ಜನರು ಜೀವ ಉಳಿಸಿಕೊಳ್ಳಲು ಓಡಿಬರುತ್ತಿದ್ದರು. ಜನರು ಒಬ್ಬರ ಹೊಣೆ ಹೊತ್ತರೆ ತಾನೂ ಇನ್ನೊಬ್ಬರ ಹೊಣೆ ಹೊರುವುದಾಗಿ 1979ರಲ್ಲಿ ಸರ್ಕಾರ ತಿಳಿಸಿತು. 1979-80ರಲ್ಲಿ ಸುಮಾರು 60,000 ಮಂದಿ ಬಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಬರಮಾಡಿಕೊಂಡದ್ದು ಇಂಥ ಗುಂಪುಗಳೇ. 1986ರಲ್ಲಿ ವಿಶ್ವಸಂಸ್ಥೆಯ ನಾನ್ಸೆನ್ ಪದಕ ಕೆನಡಾದ ಜನತೆಗೆ ಸಂದಿತು.

ಅವರು ಮಾಡಿದ್ದೇನು? ಎಲ್ಲವೂ ಮನೆಮಂದಿ ಮಾಡಬಲ್ಲ ಕೆಲಸಗಳು. ಬಾಡಿಗೆ ಮನೆ ಹುಡುಕುವುದು, ಹಾಸಿಗೆ-ಪಾತ್ರೆ ಒದಗಿಸುವುದು, ಹಿಮಗಾಲಕ್ಕೆ ದಪ್ಪ ಕೋಟು ತರುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ವೈದ್ಯರ ಬಳಿ ಜೊತೆಗೆ ಹೋಗುವುದು, ಬಸ್ಸು ಹತ್ತಲು ಕಲಿಸುವುದು, ಭಾಷೆ ಹೇಳಿಕೊಡುವುದು. ಒಬ್ಬರಿಗೇ ಇದು ಭಾರ. ಹತ್ತು ಮನೆಗಳು ಹಂಚಿಕೊಂಡರೆ ಹಗುರ.

ಆದರೆ ಪ್ರಿಯ ಓದುಗರೇ, ಕಷ್ಟದ ಪಾಠ ಬೇರೆಯೇ ಇದೆ. ಕೊಡುವ ಕೈಗೆ ಆಳುವ ಆಸೆ ಬೇಗ ಬರುತ್ತದೆ. ನಾವು ಕೊಟ್ಟ ಹಣವನ್ನು ಅವರು ಹೀಗೆಯೇ ಖರ್ಚು ಮಾಡಬೇಕು, ನಾವು ಹೇಳಿದ ಕೆಲಸಕ್ಕೇ ಹೋಗಬೇಕು, ನಮ್ಮ ದೇವಾಲಯಕ್ಕೇ ಬರಬೇಕು ಎನಿಸುತ್ತದೆ. ಬಂದವರಲ್ಲಿ ಅನೇಕರು ಬೌದ್ಧರು. ಅವರ ಪ್ರಾರ್ಥನೆ ಅವರದು, ಅವರ ಅಡುಗೆ ಅವರದು. ಅವರು ಎಲ್ಲವನ್ನೂ ಕಳೆದುಕೊಂಡು ಬಂದವರು. ಸ್ವಂತ ನಿರ್ಧಾರದ ಹಕ್ಕನ್ನೂ ನಾವು ಕಿತ್ತುಕೊಂಡರೆ ಅದು ಪ್ರೀತಿಯಲ್ಲ.

ಆದ್ದರಿಂದ ವರ್ಷದ ಗಡುವಿನಲ್ಲಿ ಒಂದು ವಿವೇಕವಿದೆ. ಆ ಕುಟುಂಬಕ್ಕೆ ನಮ್ಮ ಅಗತ್ಯ ಇಲ್ಲವಾದ ದಿನವೇ ನಮ್ಮ ಸೇವೆ ಫಲಿಸಿದ ದಿನ. ಸಹಾಯ ಮುಗಿದ ಮೇಲೆ ಉಳಿಯಬೇಕಾದದ್ದು ಋಣವಲ್ಲ, ಸ್ನೇಹ. ಈಜಿಪ್ಟಿನ ಆ ನೆರೆಯವರೂ ಪವಿತ್ರ ಕುಟುಂಬವನ್ನು ಬೀಳ್ಕೊಟ್ಟರು. ತಮ್ಮ ಹೆಸರನ್ನು ಎಲ್ಲೂ ಬರೆಸಲಿಲ್ಲ.

ಮನೆಯಲ್ಲಿ ಚರ್ಚಿಸಿರಿ:

1. ನಮ್ಮ ಭಾಷೆ ಬಾರದ ಕುಟುಂಬವೊಂದು ನಮ್ಮ ಬೀದಿಗೆ ಬಂದರೆ, ಮೊದಲ ವಾರ ಅವರಿಗೆ ಏನೇನು ಬೇಕಾದೀತು? ನಮ್ಮಲ್ಲಿ ಯಾರು ಏನು ಮಾಡಬಲ್ಲೆವು?

2. ನಮ್ಮಿಂದ ಸಹಾಯ ಪಡೆದವರು ನಮ್ಮ ಮಾತು ಕೇಳಲಿಲ್ಲವೆಂದು ನಾವು ಎಂದಾದರೂ ಮುನಿಸಿಕೊಂಡದ್ದುಂಟೇ?