ಮೊದಲ ಕೆಲಸ ಕಬ್ಬಿಣದ ಹತ್ತಿರ ಇರಲಿ

ಮಗಳೇ, ಬಿ.ಇ. ಮೆಕ್ಯಾನಿಕಲ್ ಮುಗಿಸಿ ಮನೆಯಲ್ಲಿ ಕೂತಿದ್ದೀಯಂತೆ. ಕ್ಯಾಂಪಸ್ಸಿಗೆ ಬಂದ ಎರಡು ಕಂಪನಿಗಳಲ್ಲಿ ಒಂದು ಸಾಫ್ಟ್‌ವೇರಿನದು, ಇನ್ನೊಂದು ಇನ್ಶೂರೆನ್ಸ್ ಮಾರುವುದು ಅಂತ ನಿಮ್ಮಪ್ಪ ಬೇಜಾರು ಮಾಡಿಕೊಂಡಿದ್ದ. ಮನೆಗೆ ಬಂದವರೆಲ್ಲ ‘ಎಲ್ಲಿ ಸೇರಿದಿ, ಪ್ಯಾಕೇಜ್ ಎಷ್ಟು’ ಎನ್ನುತ್ತಾರೆ. ಕೇಳುವವರು ಚಹಾ ಕುಡಿದು ಹೋಗುತ್ತಾರೆ, ಅವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ನಾನು ನಿನಗೆ ಹೇಳಬೇಕಾದದ್ದು ಪ್ಯಾಕೇಜಿನ ಮಾತಲ್ಲ. ಮೊದಲ ಎರಡು ವರ್ಷ ನೀನು ಯಾವುದರ ಹತ್ತಿರ ನಿಂತಿರುತ್ತೀ, ಯಾರ ಪಕ್ಕ ನಿಂತಿರುತ್ತೀ ಎಂಬುದನ್ನು ನೋಡಿಕೋ. ಎಂಜಿನಿಯರಿಂಗಿನಲ್ಲಿ ಉಳಿದ ಮೂವತ್ತು ವರ್ಷ ಆ ಎರಡು ವರ್ಷದ ಮೇಲೆ ನಿಲ್ಲುತ್ತದೆ.

ನೀನು ಹುಟ್ಟಿ ಬೆಳೆದದ್ದು ನವಿ ಮುಂಬಯಿಯ ಕಳಂಬೋಲಿಯಲ್ಲಿ. ಇಲ್ಲಿಯ ಕೆ.ಎಲ್.ಇ. ಶಾಲೆಯಲ್ಲಿ ಓದಿದೆ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಸಂಸ್ಥೆ ಇಲ್ಲಿಗೆ ಬಂದದ್ದು ನಮ್ಮಂಥವರಿಗೆ ದೊಡ್ಡ ಅನುಕೂಲವೇ ಆಯಿತು. ಆದರೆ ಶಾಲೆಗೆ ಹೋಗಿಬರುವಾಗ ನೀನು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಸ್ಟೀಲ್ ಮಾರ್ಕೆಟ್ಟಿನ ಒಳಗೆ ಒಮ್ಮೆಯಾದರೂ ಕಾಲಿಟ್ಟಿದ್ದೀಯಾ? ಮುಂಬಯಿಯ ದಾರುಖಾನಾ, ಕರ್ನಾಕ್ ಬಂದರ್ ಕಡೆಯ ಕಬ್ಬಿಣದ ವ್ಯಾಪಾರವನ್ನು ಶಹರದ ಹೊರಗೆ ತರಲೆಂದು ಸಿಡ್ಕೊ ಎಂಬ ಸರ್ಕಾರಿ ಸಂಸ್ಥೆ ಕಟ್ಟಿದ ಪೇಟೆ ಅದು. ಪ್ಲೇಟು, ಚಾನೆಲ್ಲು, ಆ್ಯಂಗಲ್ಲು, ಬೀಮು ಎಲ್ಲ ಬಂದು ಬೀಳುವುದು ಅಲ್ಲಿ. ನಿಮ್ಮಪ್ಪನ ಲಾರಿ ಬುಕಿಂಗ್ ಆಫೀಸು ನಡೆಯುತ್ತಿರುವುದೂ, ನಿನ್ನ ಫೀಸು ಬಂದದ್ದೂ ಆ ಲೋಡುಗಳಿಂದಲೇ.

ನಾಳೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ಯಾವುದಾದರೂ ಗೋಡೌನಿನ ಮುಂದೆ ಒಂದು ತಾಸು ನಿಲ್ಲು. ಎಂಟು ಎಂ.ಎಂ. ಪ್ಲೇಟು, ಎರಡೂವರೆ ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲ ಅಂತ ಗಿರಾಕಿ ಹೇಳಿದರೆ ಸಾಕು, ಹತ್ತನೆಯ ಇಯತ್ತೆಯೂ ಮುಗಿಸದ ಸೂಪರ್‌ವೈಸರ್ ಬಾಯಲ್ಲೇ ‘ಏಕ್ ಸೌ ಛಿಯಾನವೆ ಕಿಲೊ’, ಅಂದರೆ 196, ಎನ್ನುತ್ತಾನೆ. ನೀನು ಮೊಬೈಲ್ ತೆಗೆಯುವಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. ಒಂದು ಎಂ.ಎಂ. ದಪ್ಪದ ಪ್ಲೇಟು ಒಂದು ಚದರ ಮೀಟರಿಗೆ 7.85 ಕಿಲೊ ಎಂಬುದು ಅವನ ನಾಲಿಗೆಯ ತುದಿಯಲ್ಲಿದೆ. ಸರಿಯಾ, ಅಂದರೆ ಕಾಂಕ್ರೀಟಿಗೆ ಹಾಕುವ ಸರಳು, ಆದರೆ ವ್ಯಾಸದ ವರ್ಗ ಮಾಡಿ 162ರಿಂದ ಭಾಗಿಸು, ಮೀಟರಿನ ತೂಕ ಬಂತು. ಹದಿನಾರು ಎಂ.ಎಂ. ಸರಿಯಾ ಮೀಟರಿಗೆ 1.58 ಕಿಲೊ. ಆ 162 ಎಲ್ಲಿಂದ ಬಂತು ಎಂದು ಕೇಳು, ಅವನಿಗೆ ಗೊತ್ತಿಲ್ಲ. ನಿನಗೆ ಗೊತ್ತಿರಬೇಕು. ವೃತ್ತದ ಕ್ಷೇತ್ರಫಲಕ್ಕೆ ಉಕ್ಕಿನ ಸಾಂದ್ರತೆ 7850 ಹಚ್ಚಿ, ಮಿಲಿಮೀಟರನ್ನು ಮೀಟರಿಗೆ ತಂದರೆ ಅದು ತಾನಾಗಿ ಹೊರಬೀಳುತ್ತದೆ. ಅವನಿಗೆ ಲೆಕ್ಕ ಗೊತ್ತು, ನಿನಗೆ ಕಾರಣ ಗೊತ್ತು. ಎರಡೂ ಒಬ್ಬರಲ್ಲೇ ಕೂಡಿದಾಗ ಮಾತ್ರ ಅಂಗಡಿಯವನು ಎಂಜಿನಿಯರಿಗೆ ಕುರ್ಚಿ ಹಾಕುತ್ತಾನೆ.

ಹಾಗೆಯೇ ಪ್ಲೇಟಿನ ಅಂಚಿನಲ್ಲಿ ಪೇಂಟಿನಿಂದ ಬರೆದ, ಇಲ್ಲವೇ ಪಂಚ್ ಹೊಡೆದ ಹೀಟ್ ನಂಬರ್ ನೋಡು. ಮಿಲ್ಲಿನಿಂದ ಬರುವ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಅದೇ ನಂಬರ್ ಇರಬೇಕು. ಕಾರ್ಬನ್ ಎಷ್ಟು, ಯೀಲ್ಡ್ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಐ.ಎಸ್. 2062ರ ಇ-250 ಎಂದರೆ ಯೀಲ್ಡ್ ಕನಿಷ್ಠ 250 ಮೆಗಾಪ್ಯಾಸ್ಕಲ್ ಎಂದು ನೀನು ಪರೀಕ್ಷೆಯಲ್ಲಿ ಬರೆದದ್ದು, ಇಲ್ಲಿ ಆ ಕಾಗದದ ಒಂದು ಸಾಲಾಗಿ ಕೂತಿರುತ್ತದೆ. ಕಾಗದದ ನಂಬರೂ ಪ್ಲೇಟಿನ ನಂಬರೂ ಹೊಂದದಿದ್ದರೆ ಮಾಲು ವಾಪಸ್. ಕಾರ್ಖಾನೆಯ ಸ್ಟೋರಿನಲ್ಲಿ ಹೊಸಬರಿಗೆ ಮೊದಲು ಕೊಡುವ ಕೆಲಸವೂ ಬಹುಮಟ್ಟಿಗೆ ಇಂಥದ್ದೇ. ಅಲ್ಲಿ ‘ಇದು ಕ್ಲಾರ್ಕಿನ ಕೆಲಸ’ ಎಂದು ಮೂಗು ಮುರಿದವರನ್ನು ನಾನು ಬಹಳ ಕಂಡಿದ್ದೇನೆ.

ನಾನು ಹೊಸಬರ ಇಂಟರ್‌ವ್ಯೂ ತೆಗೆದುಕೊಳ್ಳುತ್ತಿದ್ದಾಗ ಮೇಜಿನ ಮೇಲೆ ಒಂದು ವರ್ನಿಯರ್ ಕ್ಯಾಲಿಪರ್, ಲೇಥಿನಲ್ಲಿ ತಿರುಗಿಸಿದ ಒಂದು ತುಂಡು ಇಟ್ಟಿರುತ್ತಿದ್ದೆ. ‘ಇದರ ವ್ಯಾಸ ಹೇಳು’ ಅಷ್ಟೇ. ಲೀಸ್ಟ್ ಕೌಂಟಿನ ಸೂತ್ರ ಎಲ್ಲರಿಗೂ ಕಂಠಪಾಠ, 0.02 ಎಂದು ತಟ್ಟನೆ ಹೇಳುತ್ತಿದ್ದರು. ಆದರೆ ಅಳೆಯುವ ಮೊದಲು ದವಡೆ ಎರಡನ್ನೂ ಒತ್ತಿ, ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ಎಂದು ನೋಡುವವರು ಕಡಿಮೆ. ತುಂಡನ್ನು ಎರಡು ಕಡೆ ಅಳೆದು ‘ಸರ್, ಇದು ಸ್ವಲ್ಪ ಟೇಪರ್ ಇದೆ’ ಎನ್ನುವವರು ಇನ್ನೂ ಕಡಿಮೆ. ಹಾಗೆ ಹೇಳಿದವರ ಮಾರ್ಕ್ಸ್ ಕಾರ್ಡನ್ನು ಆಮೇಲೆ ತಿರುವಿ ನೋಡಿದ ನೆನಪೇ ನನಗಿಲ್ಲ. ಕಡೇ ವರ್ಷದ ಪ್ರಾಜೆಕ್ಟನ್ನು ಲ್ಯಾಮಿಂಗ್ಟನ್ ರೋಡಿನಲ್ಲಿ ಕಿಟ್ ಕೊಂಡು ಕಟ್ಟಿದವಳಾದರೆ ಹಾಗೆಂದೇ ಹೇಳು. ಯಾವ ಸ್ಕ್ರೂ ಕೂರಲಿಲ್ಲ, ಏಕೆ ಕೂರಲಿಲ್ಲ ಎಂಬುದನ್ನೂ ಹೇಳು. ಕೇಳುವವರಿಗೆ ಬೇಕಾದದ್ದು ಆ ಸ್ಕ್ರೂ.

ಈಗ ಅಪ್ರೆಂಟಿಸ್ ವಿಷಯ. ‘ಬಿ.ಇ. ಮಾಡಿ ಅಪ್ರೆಂಟಿಸ್ ಆಗುವುದೇ?’ ಎಂದು ನಿಮ್ಮವ್ವ ಮುಖ ಸಣ್ಣ ಮಾಡಿದಳಂತೆ. ಅವಳಿಗೆ ನಾನು ಹೇಳುತ್ತೇನೆ ಬಿಡು. ಅಪ್ರೆಂಟಿಸ್ ಕಾಯ್ದೆ 1961ರದು. ಮೊದಲು ಅದು ಐ.ಟಿ.ಐ. ಥರದ ಟ್ರೇಡ್ ಕಲಿಯುವ ಹುಡುಗರ ಮಟ್ಟಿಗೇ ಇತ್ತು, 1973ರ ತಿದ್ದುಪಡಿಯಿಂದ ಪದವಿ, ಡಿಪ್ಲೊಮಾದವರೂ ಅದರೊಳಗೆ ಬಂದರು. ಮೂವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಎರಡೂವರೆಯಿಂದ ಹದಿನೈದು ಪ್ರತಿಶತದವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮವಿದೆ. ಎಂದರೆ ನೀನು ಯಾರ ಮುಂದೆಯೂ ಭಿಕ್ಷೆಗೆ ನಿಂತಂತಲ್ಲ, ಅವರಿಗೂ ನೀನು ಬೇಕು. ಪದವೀಧರರಿಗೆ ಒಂದು ವರ್ಷದ ತರಬೇತಿ, ಕನಿಷ್ಠ ಸ್ಟೈಪೆಂಡಿನ ಅರ್ಧ ಕೇಂದ್ರ ಸರ್ಕಾರದ್ದು, ಮುಗಿಸಿದ ಮೇಲೆ ಸರ್ಟಿಫಿಕೇಟು. ಪಶ್ಚಿಮ ಭಾರತಕ್ಕೆ ಇದನ್ನು ನೋಡಿಕೊಳ್ಳುವ ಬೋರ್ಡಿನ ಆಫೀಸು ದೂರವೇನಿಲ್ಲ, ಸಾಯನ್‌ನಲ್ಲಿದೆ. ಹೈವೇಯಲ್ಲಿ ನಿಂತರೆ ಬಸ್ಸು. ಹೆಸರು ನೋಂದಾಯಿಸುವುದು ಆನ್‌ಲೈನಿನಲ್ಲೇ. ತಡ ಮಾಡಬೇಡ, ಪಾಸಾಗಿ ಬಹಳ ವರ್ಷ ಕಳೆದವರಿಗೆ ಈ ಬಾಗಿಲು ಮುಚ್ಚುತ್ತದೆ.

ಇಲ್ಲಿಂದ ನಾವಡೆ ಫಾಟಾದ ಕವಲು ದಾಟಿದರೆ ತಳೋಜಾ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶ. ಈ ಕಡೆ ಠಾಣೆ-ಬೇಲಾಪುರ ಪಟ್ಟಿ, ಆ ಕಡೆ ರಸಾಯನಿ, ನೈಋತ್ಯಕ್ಕೆ 1989ರಿಂದ ನಡೆಯುತ್ತಿರುವ ನ್ಹಾವಾ ಶೇವಾ ಬಂದರು. ಬೆಂಗಳೂರಿಗೆ ಹೋದ ನಿನ್ನ ಗೆಳತಿಯರು ಹಾಸ್ಟೆಲಿಗೆ ತೆರುವಷ್ಟು ದುಡ್ಡು ನಿನಗೆ ಮನೆಯೂಟದಲ್ಲೇ ಉಳಿಯುತ್ತದೆ. ಹಾಗಾಗಿ ಒಂದು ವರ್ಷ ಕಡಿಮೆ ಸ್ಟೈಪೆಂಡಿಗೆ ಕಲಿಯುವುದು ನಿನಗೆ ಸಾಧ್ಯ. ಎಲ್ಲರಿಗೂ ಸಾಧ್ಯವಿಲ್ಲ. ಮನೆಯ ಸಾಲದ ಕಂತು ನಿನ್ನ ತಲೆಯ ಮೇಲಿದ್ದಿದ್ದರೆ ‘ಸಾಫ್ಟ್‌ವೇರಿಗೇ ಹೋಗು, ಕಂತು ತೀರಿಸು’ ಎಂದು ನಾನೇ ಹೇಳುತ್ತಿದ್ದೆ. ಅದರಲ್ಲಿ ಕೀಳೇನೂ ಇಲ್ಲ. ಆದರೆ ಮೆಷಿನ್ನಿನ ಮೇಲೆ ಆಸೆ ಇಟ್ಟುಕೊಂಡು, ನೆರೆಯವರ ಬಾಯಿಗೆ ಹೆದರಿ ಅಲ್ಲಿಗೆ ಹೋಗಬೇಡ.

ಹುಡುಗಿ, ಶಾಪ್ ಫ್ಲೋರು, ಪಾಳಿ ಎಂಬ ಮಾತೂ ಬರುತ್ತದೆ. ಸುಧಾ ಮೂರ್ತಿಯವರ ಪೋಸ್ಟ್‌ಕಾರ್ಡಿನ ಕಥೆ ನಿನಗೆ ಗೊತ್ತೇ ಇದೆ. 1974ರಲ್ಲಿ ಟಾಟಾದವರ ಟೆಲ್ಕೊ ಕಂಪನಿಯ ಜಾಹೀರಾತು ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದಿತ್ತು, ಅವರು ಜೆ.ಆರ್.ಡಿ. ಟಾಟಾ ಅವರಿಗೇ ಬರೆದರು, ಕೆಲಸ ಸಿಕ್ಕಿತು. ಅವರು ಎಲೆಕ್ಟ್ರಿಕಲ್ ಓದಿದ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು ಕೂಡ ಕೆ.ಎಲ್.ಇ.ಯದೇ. ಈ ಕಥೆ ಹೇಳುವವರೆಲ್ಲ ಪೋಸ್ಟ್‌ಕಾರ್ಡಿಗೇ ನಿಂತುಬಿಡುತ್ತಾರೆ. ಅರ್ಜಿ ಹಾಕಲೂ ಬಿಡದಿದ್ದ ಕಾರ್ಖಾನೆಯ ಒಳಗೆ ಹೋದ ಮೇಲೆ ದಿನಾ ಕೆಲಸ ಮಾಡಿ ತೋರಿಸುವುದಿತ್ತಲ್ಲ, ನನಗೆ ಅದು ದೊಡ್ಡದಾಗಿ ಕಾಣುತ್ತದೆ. ನೀನು ಇಂಟರ್‌ವ್ಯೂಗೆ ಹೋದಾಗ ಪ್ಲಾಂಟಿನಲ್ಲಿ ಹೆಂಗಸರಿಗೆ ಬೇರೆ ಟಾಯ್ಲೆಟ್ ಇದೆಯೇ, ರಾತ್ರಿ ಪಾಳಿಗೆ ಗಾಡಿ ಮನೆ ಬಾಗಿಲಿಗೆ ಬರುತ್ತದೆಯೇ ಎಂದು ನಾಚಿಕೊಳ್ಳದೆ ಕೇಳು. ಉತ್ತರ ಕೊಡಲು ತಡವರಿಸಿದರೆ ಆ ಕಂಪನಿಯ ಬಗ್ಗೆ ಉಳಿದದ್ದೂ ತಿಳಿದಂತೆಯೇ.

ಇನ್ನು ಮೇಲಿನವರ ಜೊತೆ ಹೇಗಿರಬೇಕು ಎಂಬುದು. ಇದಕ್ಕೆ ನಾನು ಸರ್ ಎಂ. ವಿಶ್ವೇಶ್ವರಯ್ಯನವರ ಮೊದಲ ಕೆಲಸವನ್ನು ನೆನೆಯುತ್ತೇನೆ. ನಾವು ಅವರನ್ನು ಕನ್ನಂಬಾಡಿಯಿಂದ ಶುರುಮಾಡುತ್ತೇವೆ, ಅವರು ಶುರುಮಾಡಿದ್ದು ಈ ಮಹಾರಾಷ್ಟ್ರದಲ್ಲಿ. ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಯ ಸೈನ್ಸ್ ಕಾಲೇಜಿಗೆ ಬಂದು, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆಗಿ ನಾಶಿಕಕ್ಕೆ ಸೇರಿದರು. ಸ್ವಲ್ಪದರಲ್ಲೇ ಖಾನದೇಶದ ಧುಳೆ ಕಡೆ, ಪಾಂಜ್ರಾ ಹೊಳೆಯ ಒಂದು ಕಾಲುವೆಗೆ ಅಡ್ಡಲಾಗಿ ಪೈಪ್ ಸೈಫನ್ ಕಟ್ಟುವ ಕೆಲಸ ಬಂತು. ಮಳೆಗಾಲ. ತೋಡಿದ ಕಡೆ ಮರಳು ತುಂಬಿಕೊಳ್ಳುತ್ತಿತ್ತು. ಮಳೆ ನಿಲ್ಲುವವರೆಗೆ ಕೆಲಸ ನಿಲ್ಲಿಸೋಣ ಎಂದು ಹೊಸ ಹುಡುಗ ಬರೆದ. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ, ಗದರಿಸಿ ಬರೆದ. ಹುಡುಗ ತನ್ನ ಮಾತು ಹಿಂದಕ್ಕೆ ತೆಗೆದುಕೊಂಡು, ಆ ಮಳೆಯಲ್ಲೇ ಕೆಲಸ ಮುಗಿಸಿದ. 1951ರಲ್ಲಿ ಬಂದ ‘ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಪುಸ್ತಕದಲ್ಲಿ, ಅಷ್ಟೆಲ್ಲ ಅಣೆಕಟ್ಟು ಕಟ್ಟಿದ ಮನುಷ್ಯ ಈ ಸಣ್ಣ ಸೈಫನ್ನನ್ನು ಮರೆಯದೆ ಹೇಳಿದ್ದಾರೆ.

ಇದರಲ್ಲಿ ನನಗೆ ಮೆಚ್ಚಿಗೆಯಾಗುವುದು ಎರಡು. ಕಷ್ಟ ಕಂಡಾಗ ಅವರು ಸುಮ್ಮನೆ ಕೂರಲಿಲ್ಲ, ಕಾರಣ ಕೊಟ್ಟು ಬರೆದರು. ಬೈಸಿಕೊಂಡ ಮೇಲೆ ಮುನಿಸಿಕೊಂಡು ಕೂರಲಿಲ್ಲ, ಮಾಡಿ ಮುಗಿಸಿದರು. ಆದರೆ ಮಗಳೇ, ಇದನ್ನು ತಳೋಜಾಕ್ಕೆ ಹಾಗೇ ಹೊತ್ತುಕೊಂಡು ಹೋಗಬೇಡ. ನೀನು ಸೇರುವುದು ಕೆಮಿಕಲ್ ಪ್ಲಾಂಟಾದರೆ ಅಲ್ಲಿಯ ಅಪಾಯವೇ ಬೇರೆ. ವೆಸಲ್ಲಿನ ಒಳಗೆ ಇಳಿಯಬೇಕು ಎಂದರೆ ಪರ್ಮಿಟ್ ಇರಬೇಕು, ಲೈನುಗಳಿಗೆ ಬ್ಲೈಂಡ್ ಹಾಕಿರಬೇಕು, ಆಕ್ಸಿಜನ್, ವಿಷಗ್ಯಾಸು ಎರಡೂ ಟೆಸ್ಟ್ ಆಗಿರಬೇಕು, ಮ್ಯಾನ್‌ಹೋಲಿನ ಬಾಯಲ್ಲಿ ಒಬ್ಬ ನಿಂತಿರಬೇಕು. ವೆಲ್ಡಿಂಗ್ ಇದ್ದರೆ ಹಾಟ್ ವರ್ಕ್ ಪರ್ಮಿಟ್ ಬೇರೆ. ‘ಐದು ನಿಮಿಷದ ಕೆಲಸ, ಇಳಿದುಬಿಡು, ಪರ್ಮಿಟ್ ಆಮೇಲೆ ಮಾಡೋಣ’ ಎಂದು ಪ್ಲಾಂಟ್ ಹೆಡ್ಡೇ ಕೂಗಾಡಿದರೂ ಇಳಿಯಬೇಡ, ನಿನ್ನ ಕೈಕೆಳಗಿನ ಹೆಲ್ಪರನನ್ನೂ ಇಳಿಸಬೇಡ. ಒಳಗೆ ಬಿದ್ದವನನ್ನು ಎತ್ತಲು ಹೋಗಿ ಎರಡನೆಯವನು, ಮೂರನೆಯವನು ಬೀಳುವುದೇ ಈ ಅಪಘಾತಗಳ ರೀತಿ. ಮರಳು ತುಂಬಿದರೆ ಮತ್ತೆ ತೋಡಬಹುದು. ಕೆಲಸ ಹೋದರೆ ಇನ್ನೊಂದು ಫಾಟಾದ ಹತ್ತಿರ ಇನ್ನೊಂದು ಕಂಪನಿ ಇದ್ದೇ ಇರುತ್ತದೆ.

ಉಳಿದ ಎಲ್ಲದರಲ್ಲೂ ಹಿರಿಯರ ಮಾತಿಗೆ ಕಿವಿ ಕೊಡು. ಹಿರಿಯರು ಎಂದರೆ ಕ್ಯಾಬಿನ್ನಿನಲ್ಲಿ ಕೂತವರಷ್ಟೇ ಎಂದುಕೊಳ್ಳಬೇಡ. ಫಿಟ್ಟರನ್ನು ‘ಕಾಕಾ’ ಎಂದು ಕರೆದು, ಅವನ ಡಬ್ಬಿ ಮುಗಿಯುವವರೆಗೆ ಕಾದು ಪ್ರಶ್ನೆ ಕೇಳು. ಬೇರಿಂಗ್ ಹೋಗುವ ಮುನ್ನ ಪಂಪಿನ ಸದ್ದು ಹೇಗೆ ಬದಲಾಗುತ್ತದೆ ಎಂಬುದನ್ನು ಅವನು ಕಿವಿಯಿಂದಲೇ ಹೇಳಬಲ್ಲ. ನಿನ್ನ ಮರಾಠಿ ಚೆನ್ನಾಗಿದೆ, ಅದು ನಮ್ಮ ಕಾಲದವರಿಗೆ ಬರುತ್ತಿರಲಿಲ್ಲ. ಆದರೂ ಹಗಲು ಹೋಟೆಲಿನಲ್ಲಿ ಬಟ್ಟಲು ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಡ್ರಾಫ್ಟ್ಸ್‌ಮನ್ ಆಗಿ ಆಮೇಲೆ ಎ.ಎಂ.ಐ.ಇ. ಪರೀಕ್ಷೆ ಕಟ್ಟಿ ಎಂಜಿನಿಯರ್ ಎನಿಸಿಕೊಂಡ ನಮ್ಮೂರ ಕಡೆಯವರು ಮುಂಬಯಿಯಲ್ಲಿ ಎಷ್ಟೋ ಜನ. ಅಂಥವರು ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ. ವೇದಿಕೆಯ ಮೇಲಿನ ಉದ್ಯಮಿಯ ಹಿಂದೆ ಬಯೋಡೇಟಾ ಹಿಡಿದು ಓಡುವುದಕ್ಕಿಂತ, ಅವರ ಪಕ್ಕದ ಕುರ್ಚಿ ಹಿಡಿ.

ದುಡ್ಡು ಕೇಳುವ ಕನ್ಸಲ್ಟೆನ್ಸಿಯ ಮೆಟ್ಟಿಲು ಹತ್ತಬೇಡ. ರಿಜಿಸ್ಟ್ರೇಷನ್ ಎನ್ನಲಿ, ಟ್ರೇನಿಂಗ್ ಡಿಪಾಸಿಟ್ ಎನ್ನಲಿ, ಕೆಲಸ ಕೊಡುವವರು ಕೊಡುತ್ತಾರೆ, ತೆಗೆದುಕೊಳ್ಳುವುದಿಲ್ಲ. ಮೂಲ ಮಾರ್ಕ್ಸ್ ಕಾರ್ಡನ್ನು ಯಾರ ಕಪಾಟಿಗೂ ಸೇರಿಸಬೇಡ. ತೋರಿಸು, ಝೆರಾಕ್ಸ್ ಕೊಡು, ಮೂಲ ವಾಪಸ್ ಚೀಲಕ್ಕೆ.

ನೇಮಕದ ಕಾಗದ ಕೈಗೆ ಬಂದಾಗ ಮೊದಲು ನಿನ್ನ ಹುದ್ದೆಯ ಹೆಸರು ನೋಡು. ‘ಅಪ್ರೆಂಟಿಸ್, 1961ರ ಕಾಯ್ದೆಯಡಿ’ ಎಂದಿದೆಯೋ, ಬರೀ ‘ಟ್ರೇನಿ’ ಎಂದಿದೆಯೋ? ಕಾಯ್ದೆಯಡಿ ಆದರೆ ನಿನ್ನ ಕರಾರು ಸರ್ಕಾರದ ಅಪ್ರೆಂಟಿಸ್ ಪೋರ್ಟಲಿನಲ್ಲಿ ನೋಂದಣಿಯಾಗಿರಬೇಕು, ಅದರ ನಂಬರ್ ಕೇಳಿ ಬರೆದುಕೋ, ಅಪ್ರೆಂಟಿಸರಿಗೆ ಪಿ.ಎಫ್. ಇಲ್ಲ ಎಂಬುದೂ ಗೊತ್ತಿರಲಿ. ಬರೀ ‘ಟ್ರೇನಿ’ ಆದರೆ ಪಿ.ಎಫ್. ಹಿಡಿಯುತ್ತಾರೆಯೇ, ಎಷ್ಟು ತಿಂಗಳಿಗೆ ಖಾಯಂ ಮಾಡುತ್ತಾರೆ, ಬಾಂಡ್ ಎಷ್ಟು ವರ್ಷದ್ದು ಎಂದು ಕೇಳು. ಇದೂ ಇಲ್ಲ, ಅದೂ ಇಲ್ಲ ಎಂದರೆ ಸಹಿ ಹಾಕದೆ ಕಾಗದ ಮಡಚಿ ಮನೆಗೆ ತಾ. ಸಂಜೆ ನಾನೂ ನಿಮ್ಮಪ್ಪನೂ ಅವನ ಬುಕಿಂಗ್ ಆಫೀಸಿನಲ್ಲಿ ಇರುತ್ತೇವೆ, ಕೂತು ಓದೋಣ.