ಹಾಡಿಲ್ಲದ ತಟ್ಟೆ: ಅಲ್ಪ ವೆಚ್ಚದಲ್ಲಿ ಡಿ.ಜೆ. ಸಲಕರಣೆ

ಗಾಯನ ವಾದನಗಳಂತೆ ಧ್ವನಿಮುದ್ರಿಕೆಯನ್ನು ನುಡಿಸುವುದೂ ಈಗ ಒಂದು ವಿದ್ಯೆಯೆನಿಸಿದೆ. ಅದನ್ನು ಬಲ್ಲವನಿಗೆ ‘ಡಿ.ಜೆ.’ ಎಂದು ಹೆಸರು. ನಮ್ಮ ಮುಂಬ್ರಾ, ಠಾಣೆ, ಕಲ್ಯಾಣಗಳಲ್ಲಿ ಆ ಹೆಸರು ಕಿವಿಗೆ ಬಿದ್ದೊಡನೆ ಮೆರವಣಿಗೆಯ ಲಾರಿಯೂ, ಅದರ ಮೇಲೆ ಗೋಡೆಯಂತೆ ಪೇರಿಸಿದ ಧ್ವನಿವರ್ಧಕಗಳೂ, ಕಿವಿ ಮುಚ್ಚಿಕೊಂಡ ವೃದ್ಧರೂ ಕಣ್ಣಿಗೆ ಕಟ್ಟುವುದುಂಟು. ಆದರೆ ಮೂಲ ವಿದ್ಯೆಯು ಅದಲ್ಲ. ಎರಡು ಹಾಡುಗಳ ಲಯವನ್ನು ಕಿವಿಯಿಂದ ಅಳೆದು, ಕೈಯಿಂದ ತಿದ್ದಿ, ಒಂದು ಮುಗಿಯುವಲ್ಲಿ ಇನ್ನೊಂದನ್ನು ಕುಣಿಯುವವರ ಹೆಜ್ಜೆ ತಪ್ಪದಂತೆ ಬೆಸೆಯುವುದೇ ಆ ವಿದ್ಯೆ.

ನಮ್ಮ ಶಾಲೆಯ ಮೇಲಿನ ತರಗತಿಗಳ ಕೆಲವರಿಗೆ ಇದನ್ನು ಕಲಿಯುವ ಆಸೆಯುಂಟೆಂಬುದನ್ನು ನಾವು ಬಲ್ಲೆವು. ಆಸೆಯಲ್ಲಿ ದೋಷವಿಲ್ಲ. ಆದರೆ ಹೊರನಾಡಿಗೆ ದುಡಿಯಲು ಬಂದ ನಮ್ಮ ಕುಟುಂಬಗಳಲ್ಲಿ ಪ್ರತಿಯೊಂದು ರೂಪಾಯಿಗೂ ಮೊದಲೇ ಒಂದು ಕೆಲಸ ಗೊತ್ತಾಗಿರುತ್ತದೆ. ಅಂಗಡಿಯವನ ಮಾತನ್ನು ನಂಬಿ ಕಂತಿನ ಸಾಲದ ಮೇಲೆ ಯಂತ್ರವನ್ನು ತಂದು, ಅದು ಮೂಲೆಗೆ ಬಿದ್ದ ಮೇಲೂ ತಿಂಗಳು ತಿಂಗಳೂ ಕಂತು ಕಟ್ಟುತ್ತಿರುವ ತರುಣರನ್ನು ನಾವು ಕಂಡಿದ್ದೇವೆ. ಯಂತ್ರದ ಒಳಗುಟ್ಟನ್ನು ಅರಿತವನಿಗೆ ಹಣವನ್ನು ಎಲ್ಲಿ ಸುರಿಯಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಆದಕಾರಣ ಮೊದಲು ಒಳಗುಟ್ಟು, ತರುವಾಯ ಕೊಳ್ಳುವ ಮಾತು.

ತಟ್ಟೆಯ ಪೂರ್ವವೃತ್ತಾಂತ

ಧ್ವನಿಯನ್ನು ಗೆರೆಯಾಗಿ ಕೊರೆದು ಮತ್ತೆ ಕೇಳಿಸುವ ಯಂತ್ರವನ್ನು 1877ರಲ್ಲಿ ಎಡಿಸನ್ ನಿರ್ಮಿಸಿದನು. ಅವನದು ಉರುಳೆ, ಅದನ್ನು ಚಪ್ಪಟೆ ತಟ್ಟೆಯಾಗಿಸಿದವನು ಬರ್ಲಿನರ್. ನಮ್ಮ ದೇಶದಲ್ಲಿ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವು ತಟ್ಟೆಗೆ ಇಳಿಯಿತು. ಅದೇ ಗಾಯಕಿ 1928ರಲ್ಲಿ ಮೈಸೂರಿನ ಆಸ್ಥಾನ ವಿದುಷಿಯಾಗಿ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರೆಂಬುದು ಕನ್ನಡಿಗರು ನೆನಪಿಡತಕ್ಕ ಸಂಗತಿ. 1930ರ ದಶಕದಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ‘ಗಾಂಧಾರಿ’ ಎಂಬ ಹೆಸರಿನಿಂದ ಎಚ್.ಎಂ.ವಿ. ತಟ್ಟೆಗಳಿಗೆ ಹಾಡಿದರು. ಆ ಕಾಲದ ತಟ್ಟೆಗಳು ಅರಗಿನವು. ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಾಡು. 1948ರಲ್ಲಿ ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ, ನಿಮಿಷಕ್ಕೆ 33⅓ ಸುತ್ತು ತಿರುಗುವ ದೀರ್ಘ ತಟ್ಟೆ ಬಂದಿತು.

ತಟ್ಟೆಯನ್ನು ವಾದ್ಯವಾಗಿಸಿದವರು ಧನಿಕರಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಒಂದು ವಠಾರದಲ್ಲಿ, ತಂಗಿಯ ಶಾಲೆಯ ಉಡುಪಿಗಾಗಿ ಹಣ ಕೂಡಿಸಲೆಂದು ನಡೆದ ಕೂಟದಲ್ಲಿ ಕೂಲ್ ಹರ್ಕ್ ಎಂಬ ಹದಿನೆಂಟರ ತರುಣನು ತಟ್ಟೆಗಳನ್ನು ನುಡಿಸಿದನು. ಅವನು ಜಮೈಕಾದಿಂದ ವಲಸೆ ಬಂದ ಕುಟುಂಬದವನು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು, ತಾಳವಾದ್ಯ ಮಾತ್ರ ಮೊಳಗುವ ಚಿಕ್ಕ ಭಾಗವನ್ನು ಒಂದರಿಂದ ಮತ್ತೊಂದಕ್ಕೆ ದಾಟಿಸಿ ದೀರ್ಘವಾಗಿಸುವುದು ಅವನು ಪ್ರಸಿದ್ಧಗೊಳಿಸಿದ ಉಪಾಯ.

ಗೆರೆಯಲ್ಲಿ ಹಾಡಿಲ್ಲ, ಲೆಕ್ಕವಿದೆ

ಈ ವಿದ್ಯೆಗೆ ಮೊದಲು ನೂರಾರು ತಟ್ಟೆಗಳು ಬೇಕಾಗಿದ್ದವು. 2001ರ ಸುಮಾರಿಗೆ ಬಂದ ‘ಫೈನಲ್ ಸ್ಕ್ರ್ಯಾಚ್’, 2004ರಲ್ಲಿ ಬಂದ ‘ಸೆರಾಟೋ ಸ್ಕ್ರ್ಯಾಚ್ ಲೈವ್’ ಎಂಬ ವ್ಯವಸ್ಥೆಗಳು ಆ ಖರ್ಚನ್ನು ತಪ್ಪಿಸಿದವು. ಹಾಡುಗಳೆಲ್ಲ ಕಂಪ್ಯೂಟರಿನಲ್ಲಿ, ಯಂತ್ರದ ಮೇಲೆ ಒಂದೇ ಒಂದು ಸಂಕೇತ ತಟ್ಟೆ. ಆ ತಟ್ಟೆಯನ್ನು ಹಾಗೆಯೇ ಕೇಳಿದರೆ ಸಿಳ್ಳಿನಂತಹ ಒಂದೇ ನಾದ ಕೇಳಿಸುತ್ತದೆ.

ಸೆರಾಟೋ ತಟ್ಟೆಯ ನಾದವು ಸೆಕೆಂಡಿಗೆ 1000 ಅಲೆಗಳದು. ನಿಮಿಷಕ್ಕೆ 33⅓ ಸುತ್ತೆಂದರೆ ಮೂರು ನಿಮಿಷಕ್ಕೆ 100 ಸುತ್ತು. ಒಂದು ಸುತ್ತಿಗೆ 1.8 ಸೆಕೆಂಡು. ಹಾಗಾದರೆ ಒಂದು ಸುತ್ತಿನಲ್ಲಿ 1800 ಅಲೆಗಳು ಇರುತ್ತವೆ. ಕೈಯಿಂದ ತಡೆದು ತಟ್ಟೆಯ ವೇಗವನ್ನು ಅರ್ಧಕ್ಕಿಳಿಸಿದರೆ ಸೆಕೆಂಡಿಗೆ 500 ಅಲೆಗಳೇ ಬರುತ್ತವೆ. ಕಂಪ್ಯೂಟರು ಇದನ್ನೆಣಿಸಿ ಹಾಡನ್ನೂ ಅರ್ಧ ವೇಗದಲ್ಲಿ ನುಡಿಸುತ್ತದೆ.

ತಟ್ಟೆ ಹಿಂದಕ್ಕೆ ತಿರುಗಿತೆಂಬುದು ಅದಕ್ಕೆ ತಿಳಿಯುವುದು ಹೇಗೆ? ಗೆರೆಯ ಎರಡು ಗೋಡೆಗಳಲ್ಲಿ ಎಡದ ಧ್ವನಿ ಒಂದು, ಬಲದ ಧ್ವನಿ ಒಂದು ಕೊರೆದಿರುತ್ತದೆ. ಎರಡೂ ಒಂದೇ ಅಲೆಯಾದರೂ ಒಂದು ಇನ್ನೊಂದಕ್ಕಿಂತ ಕಾಲುಭಾಗ ಮುಂದಿರುತ್ತದೆ. ತಟ್ಟೆ ಹಿಂದಕ್ಕೆ ತಿರುಗಿದಾಗ ಮುಂದಿದ್ದುದು ಹಿಂದಾಗುತ್ತದೆ. ಅದರಿಂದ ದಿಕ್ಕು ಗೊತ್ತಾಗುತ್ತದೆ. ಇನ್ನು ಅಲೆಗಳ ಎತ್ತರದಲ್ಲಿ ಇಟ್ಟಿರುವ ಅಲ್ಪ ಏರುಪೇರುಗಳು ಸೊನ್ನೆ, ಒಂದು ಎಂಬ ಅಂಕೆಗಳಾಗಿ, ರಸ್ತೆಯ ಮೈಲಿಗಲ್ಲುಗಳಂತೆ ಮುಳ್ಳು ತಟ್ಟೆಯ ಯಾವ ಎಡೆಯಲ್ಲಿದೆಯೆಂಬುದನ್ನು ಸಾರುತ್ತವೆ. ವೇಗ, ದಿಕ್ಕು, ಸ್ಥಾನ: ಇವು ಮೂರೇ ತಟ್ಟೆ ಹೇಳುವ ಮಾತು.

ಹಣದ ಹತ್ತು ಪಾಲು

ಮೊದಲನೆಯ ಮೆಟ್ಟಿಲಿಗೆ ಬಿಡಿಗಾಸೂ ಬೇಡ. ಹೆಸರಿನ ಕೊನೆಗೆ ಮೂರು ‘ಎಕ್ಸ್’ ಅಕ್ಷರಗಳುಳ್ಳ ‘ಮಿಕ್ಸ್’ ಎಂಬ ತಂತ್ರಾಂಶವು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಅದು ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಸಂಕೇತ ತಟ್ಟೆಯನ್ನೂ ಓದಬಲ್ಲದು. ಮನೆಯಲ್ಲಿಯೋ ಅಣ್ಣನ ಬಳಿಯೋ ಲ್ಯಾಪ್‌ಟಾಪ್ ಇದ್ದರೆ, ಮೂರು ತಿಂಗಳು ಕೀಲಿಮಣೆಯಿಂದಲೇ ಅಭ್ಯಾಸ ಮಾಡಿರಿ. ಆಸೆ ಆಮೇಲೂ ಉಳಿದರೆ ಕೊಳ್ಳುವ ಮಾತು.

ಕೂಡಿಸಿದ ಹಣವನ್ನು ಹತ್ತು ಪಾಲು ಮಾಡಿರಿ. ಐದು ಪಾಲು ಟರ್ನ್‌ಟೇಬಲಿಗೆ, ಎಂದರೆ ತಟ್ಟೆ ತಿರುಗಿಸುವ ಯಂತ್ರಕ್ಕೆ. ಎರಡು ಪಾಲು ಸೌಂಡ್ ಕಾರ್ಡಿಗೆ. ಒಂದು ಪಾಲು ಮುಳ್ಳು ಮತ್ತು ಅದನ್ನು ಹೊತ್ತ ಕಾರ್ಟ್ರಿಜ್ಜಿಗೆ. ಒಂದು ಪಾಲು ಸಂಕೇತ ತಟ್ಟೆಗೆ. ಉಳಿದ ಒಂದು ಪಾಲು ಹೆಡ್‌ಫೋನಿಗೂ ತಂತಿಗಳಿಗೂ. ಆರಂಭಕ್ಕೆ ಒಂದೇ ಟರ್ನ್‌ಟೇಬಲ್ ಸಾಕು. ಎರಡನೆಯ ಹಾಡನ್ನು ಕೀಲಿಮಣೆಯಿಂದ ನಡೆಸಬಹುದು. ಬೇರೆ ಮಿಕ್ಸರ್ ಪೆಟ್ಟಿಗೆಯೂ ಬೇಡ. ಹಾಡುಗಳನ್ನು ಬೆರೆಸುವ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ.

ಅರ್ಧದಷ್ಟು ಹಣ ಟರ್ನ್‌ಟೇಬಲಿಗೇಕೆ? ಅದು ನಡುಗಿದರೆ ಹಾಡೂ ನಡುಗುತ್ತದೆ. ಯಾವ ತಂತ್ರಾಂಶವೂ ಅದನ್ನು ತಿದ್ದಲಾರದು. ಪಟ್ಟಿಯಿಂದ ತಿರುಗುವ ಯಂತ್ರವು ಕೈ ತೆಗೆದ ಮೇಲೆ ನಿಧಾನವಾಗಿ ವೇಗಕ್ಕೆ ಬರುತ್ತದೆ. ಮೋಟಾರು ನೇರವಾಗಿ ತಟ್ಟೆಯ ಅಡಿಯಲ್ಲಿರುವ ಯಂತ್ರವು ಥಟ್ಟನೆ ಬರುತ್ತದೆ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಯಂತ್ರವು ಪ್ರಸಿದ್ಧವಾದುದು ಈ ಗುಣದಿಂದಲೇ. ಹೊಸದಾಗಿ ಅದನ್ನು ಕೊಳ್ಳುವ ಶಕ್ತಿ ನಮಗಿಲ್ಲದಿದ್ದರೂ, ನೇರ ಮೋಟಾರಿನ ಬೇರೆ ಹಳೆಯ ಯಂತ್ರವನ್ನು ಹುಡುಕಬಹುದು. ಚೋರ್ ಬಜಾರಿನಲ್ಲಿ ಕಾಣುವ ಕೊಂಬಿನ ಗ್ರಾಮಫೋನು ಮಾತ್ರ ಈ ಕೆಲಸಕ್ಕೆ ಸಲ್ಲದು; ಅದರ ಉಕ್ಕಿನ ಮುಳ್ಳು ವಿನೈಲ್ ತಟ್ಟೆಯನ್ನು ಉತ್ತುಹಾಕುತ್ತದೆ.

ಕಾರ್ಟ್ರಿಜ್ಜಿನಿಂದ ಬರುವ ವಿದ್ಯುತ್ತು ಕೆಲವೇ ಸಾವಿರಾಂಶ ವೋಲ್ಟು. ಇಂತಹ ಸೂಕ್ಷ್ಮ ಧ್ವನಿಯನ್ನು ಸ್ವೀಕರಿಸುವ ‘ಫೋನೋ’ ದ್ವಾರವು ಸೌಂಡ್ ಕಾರ್ಡಿನಲ್ಲಿಯಾಗಲಿ, ಟರ್ನ್‌ಟೇಬಲಿನೊಳಗೆ ಧ್ವನಿಯನ್ನು ಹಿಗ್ಗಿಸುವ ಭಾಗವಾಗಲಿ ಇರಬೇಕು. ಎರಡನ್ನೂ ಒಟ್ಟಿಗೆ ಬಳಸತಕ್ಕದ್ದಲ್ಲ. ಸೌಂಡ್ ಕಾರ್ಡಿಗೆ ಎರಡು ಜೊತೆ ಹೊರದ್ವಾರಗಳಿರಬೇಕು: ಒಂದು ಸಭೆ ಕೇಳುವ ಹಾಡಿಗೆ, ಇನ್ನೊಂದು ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಮೊದಲೇ ಕೇಳಿಕೊಳ್ಳುವುದಕ್ಕೆ. ಯಂತ್ರದ ಭೂತಂತಿಯನ್ನು ಜೋಡಿಸದಿದ್ದರೆ ಸೆಕೆಂಡಿಗೆ 50 ಅಲೆಗಳ ನಮ್ಮ ಮನೆಯ ವಿದ್ಯುತ್ತು ‘ಗುಂಯ್’ ಎಂದು ಹಾಡಿನೊಳಗೆ ನುಗ್ಗುತ್ತದೆ. ತಂತಿ, ಪಿನ್ನು, ಬೆಸುಗೆಯ ಸಾಮಾನುಗಳಿಗೆ ಗ್ರ್ಯಾಂಟ್ ರೋಡ್ ನಿಲ್ದಾಣದ ಸಮೀಪದ ಲ್ಯಾಮಿಂಗ್ಟನ್ ರಸ್ತೆಯೇ ಇಂದಿಗೂ ಆಸರೆ.

ತಟ್ಟೆಯ ಅಡಿಗೆ, ಕೈ ತಡೆದಾಗ ಜಾರುವಂತೆ, ಒಂದು ಮೆತ್ತನೆಯ ಬಟ್ಟೆ ಬೇಕು. ಇದಕ್ಕೂ ಹಣ ತೆರಬೇಕಾಗಿಲ್ಲ. ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಫ್ಲಾಶ್ ಎಂಬವನು, ತಾಯಿಗೆ ಹೊಲಿಗೆ ಬರುತ್ತಿದ್ದುದರಿಂದ, ಫೆಲ್ಟ್ ಬಟ್ಟೆಯನ್ನು ದುಂಡಗೆ ಕತ್ತರಿಸಿ ಗಂಜಿ ಹಾಕಿ ಇಸ್ತ್ರಿ ಮಾಡಿಕೊಂಡನು. ನಮ್ಮ ತಾಯಂದಿರ ಹೊಲಿಗೆಯ ಪೆಟ್ಟಿಗೆಯಲ್ಲಿಯೂ ಕತ್ತರಿಯುಂಟಲ್ಲವೆ?

ಕೊಳ್ಳುವ ಮುನ್ನ ಮೂರು ಪರೀಕ್ಷೆ

ಹಳೆಯ ಯಂತ್ರವನ್ನು ಕಂಡೊಡನೆ ಬೆಲೆ ಕೇಳಬೇಡಿರಿ. ಮೊದಲು ಒಂದು ತಟ್ಟೆಯ ಅಂಚಿಗೆ ಕಾಗದದ ಚೂರನ್ನು ಅಂಟಿಸಿ, ಗಡಿಯಾರ ಹಿಡಿದು ಮೂರು ನಿಮಿಷ ಸುತ್ತುಗಳನ್ನೆಣಿಸಿರಿ. ನೂರು ಬರಬೇಕು. ತೊಂಬತ್ತೊಂಬತ್ತೋ ನೂರೊಂದೋ ಬಂದರೆ ವೇಗದ ಸರಿಪಟ್ಟಿಯಿಂದ ತಿದ್ದಬಹುದು. ಆದರೆ ಒಮ್ಮೆ ಎಣಿಸಿದಾಗ ಒಂದು, ಇನ್ನೊಮ್ಮೆ ಮತ್ತೊಂದು ಬಂದರೆ ಆ ಯಂತ್ರವನ್ನು ಅಲ್ಲಿಯೇ ಬಿಟ್ಟು ಬನ್ನಿರಿ. ಎರಡನೆಯದಾಗಿ ಮುಳ್ಳಿನ ತೋಳನ್ನು ಬೆರಳಿನಿಂದ ಮೆಲ್ಲನೆ ಅಲುಗಿಸಿರಿ, ಬುಡ ಸಡಿಲವಾಗಿರಬಾರದು. ಮೂರನೆಯದಾಗಿ ಲ್ಯಾಪ್‌ಟಾಪಿಗೆ ಜೋಡಿಸಿ ಸಂಕೇತ ತಟ್ಟೆಯನ್ನು ತಿರುಗಿಸಿರಿ. ಕಾಲುಭಾಗ ಅಂತರದ ಎರಡು ಅಲೆಗಳು ತೆರೆಯ ಮೇಲೆ ಒಂದು ವೃತ್ತವನ್ನು ಬರೆಯಬೇಕು. ವೃತ್ತದ ಬದಲು ಒಂದು ಗೆರೆ ಬಂದರೆ ಎಡ ಬಲಗಳಲ್ಲಿ ಒಂದು ತಂತಿ ಕಡಿದಿದೆ. ಕಂಪ್ಯೂಟರಿಗೆ ದಿಕ್ಕು ತಿಳಿಯದು. ಇದು ಬೆಸುಗೆಯಿಂದ ಸರಿಹೋಗತಕ್ಕ ದೋಷವಾದುದರಿಂದ, ಬಲ್ಲವನು ಇದನ್ನೇ ತೋರಿಸಿ ಬೆಲೆಯನ್ನೂ ಇಳಿಸಿಕೊಳ್ಳಬಹುದು.

ಲಯದ ಪಾಠ

ಯಂತ್ರ ಬಂದ ಮೇಲೆ ವಿದ್ಯೆ ಆರಂಭ. ದಿವಾದಿಂದ ಡೊಂಬಿವಲಿಯತ್ತ ನಮ್ಮ ಲೋಕಲ್ ಸಾಗುವಾಗ ಪಕ್ಕದ ಹಳಿಯ ಮೇಲೆ ಇನ್ನೊಂದು ಬಂಡಿ ಅದೇ ದಿಕ್ಕಿಗೆ ಬರುವುದುಂಟು. ಎರಡರ ವೇಗವೂ ಒಂದಾದ ಗಳಿಗೆ ಆ ಬಂಡಿ ನಿಂತೇ ಇದೆಯೆಂಬಂತೆ ತೋರುತ್ತದೆ. ಆದರೂ ನಮ್ಮ ಕಿಟಕಿಯ ಎದುರಿಗೆ ಅದರ ಕಿಟಕಿಯೇ ಬರಬೇಕೆಂದೇನಿಲ್ಲ, ಗೋಡೆಯಿರಬಹುದು. ಹಾಡುಗಳೂ ಹಾಗೆಯೇ. ನಿಮಿಷಕ್ಕೆ 120 ಪೆಟ್ಟಿನ ಹಾಡಿಗೆ 126 ಪೆಟ್ಟಿನ ಹಾಡನ್ನು ಸೇರಿಸಬೇಕಾದರೆ ಮೊದಲನೆಯದನ್ನು ನೂರಕ್ಕೆ ಐದರಂತೆ ಏರಿಸಬೇಕು: ಇದು ವೇಗದ ಹೊಂದಿಕೆ. ಆಮೇಲೆ ತಟ್ಟೆಯನ್ನು ಬೆರಳಿನಿಂದ ಕೂದಲೆಳೆಯಷ್ಟು ನೂಕಿ ಪೆಟ್ಟಿನ ಮೇಲೆ ಪೆಟ್ಟು ಕೂರಿಸಬೇಕು: ಇದು ಸ್ಥಾನದ ಹೊಂದಿಕೆ. ಯಕ್ಷಗಾನದಲ್ಲಿ ಚೆಂಡೆಯವರು ಮದ್ದಳೆಯವರ ಕೈಯನ್ನು ಕೇಳುತ್ತ ತಮ್ಮ ಪೆಟ್ಟನ್ನು ಹಾಕುವಂತೆ ಇಲ್ಲಿಯೂ ಕಿವಿ ಮುಂದೆ, ಕೈ ಹಿಂದೆ.

ಧ್ವನಿವರ್ಧಕವನ್ನು ನಾವು ಪಟ್ಟಿಯಲ್ಲಿ ಸೇರಿಸಲಿಲ್ಲವೆಂಬುದನ್ನು ಗಮನಿಸಿದಿರಷ್ಟೆ. ಕಲಿಯುವವನಿಗೆ ಹೆಡ್‌ಫೋನೇ ಸಾಕು. ಅದರ ಸದ್ದನ್ನೂ ತಗ್ಗಿಸಿಯೇ ಇಡಿರಿ. ಕೆಟ್ಟ ಮುಳ್ಳಿಗೆ ಬದಲು ದೊರೆಯುತ್ತದೆ, ಕೆಟ್ಟ ಕಿವಿಗೆ ದೊರೆಯದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಗೋಡೆಗೆ ಗೋಡೆ ತಾಗಿದ ನಮ್ಮ ಮುಂಬ್ರಾದ ಮನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದವರೂ, ಪರೀಕ್ಷೆಗೆ ಓದುವವರೂ ಆಚೆ ಬದಿಯಲ್ಲಿಯೇ ಇರುತ್ತಾರೆ. ಅವರ ನಿದ್ದೆ ಕೆಡಿಸದೆ ಕಲಿತವನನ್ನು ನಾಳೆ ಅವರೇ ತಮ್ಮ ಮನೆಯ ಮದುವೆಗೆ ಕರೆಯುವರು.

ಅಭ್ಯಾಸ

1. ಸೆಕೆಂಡಿಗೆ 1000 ಅಲೆಗಳ ಸಂಕೇತ ತಟ್ಟೆಯನ್ನು 33⅓ರ ಬದಲು 45ರ ವೇಗದಲ್ಲಿ ತಿರುಗಿಸಿದರೆ ಸೆಕೆಂಡಿಗೆ ಎಷ್ಟು ಅಲೆಗಳು ಬರುತ್ತವೆ?

2. ಮೂರು ನಿಮಿಷಕ್ಕೆ 99 ಸುತ್ತು ತಿರುಗುವ ಯಂತ್ರದಲ್ಲಿ 120 ಪೆಟ್ಟಿನ ಹಾಡು ನಿಮಿಷಕ್ಕೆ ಎಷ್ಟು ಪೆಟ್ಟಿನಂತೆ ಕೇಳಿಸುತ್ತದೆ?

3. ನಿಮ್ಮ ಬಳಿ ಕೂಡಿದ ಹಣವನ್ನು ಹತ್ತು ಪಾಲು ಮಾಡಿ ಪಟ್ಟಿ ಬರೆಯಿರಿ. ಬರೆದ ಪಟ್ಟಿಯನ್ನು ಮನೆಯ ಹಿರಿಯರಿಗೆ ತೋರಿಸಿ, ಪ್ರತಿಯೊಂದು ಪಾಲಿಗೂ ಕಾರಣ ಹೇಳಿರಿ. ಕಾರಣ ಹೇಳಲಾರದ ವಸ್ತುವನ್ನು ಪಟ್ಟಿಯಿಂದ ಹೊಡೆದುಹಾಕಿರಿ.