ಮನೆಮಾತು ಆಲಿಸುವ ಯಂತ್ರ

ವಿಜಯಪುರ ನಗರದ ಗೋಳಗುಮ್ಮಟದ ಹೆಸರನ್ನು ಕೇಳದ ಕನ್ನಡಿಗರು ವಿರಳ. ದೊರೆ ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಈ ಭವ್ಯ ಕಟ್ಟಡದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಗುಮ್ಮಟದ ಬುಡದಲ್ಲಿ ಒಳಸುತ್ತಿನ ಮೊಗಸಾಲೆಯೊಂದಿದೆ. ಅಲ್ಲಿ ಒಂದು ಬದಿಯ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಆ ಪಿಸುಮಾತು ಎದುರು ಬದಿಯಲ್ಲಿ ನಿಂತವರ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ದುಂಡಾದ ಗೋಡೆಯು ಧ್ವನಿತರಂಗಗಳನ್ನು ಚದುರಗೊಡದೆ, ಮತ್ತೆ ಮತ್ತೆ ಪ್ರತಿಫಲಿಸುತ್ತ ಮುಂದಕ್ಕೆ ಕೊಂಡೊಯ್ಯುವುದೇ ಇದಕ್ಕೆ ಕಾರಣ. ಪ್ರವಾಸಕ್ಕೆ ಬಂದ ಮಕ್ಕಳು ಈ ವಿಸ್ಮಯವನ್ನು ಕಂಡು ನಲಿಯುತ್ತಾರೆ. ಆದರೆ ಅಂಥದೇ ಗೋಡೆ ನಮ್ಮ ಮನೆಯಲ್ಲಿದ್ದರೆ? ಅಡುಗೆಮನೆಯಲ್ಲಿ ಆಡಿದ ಮಾತು ಕಾಣದ ಊರಿನ ಅಪರಿಚಿತರಿಗೆ ಕೇಳುವಂತಿದ್ದರೆ? ಗೋಡೆಗೂ ಕಿವಿಯುಂಟು ಎಂಬುದು ಇಂದು ಬರಿಯ ಗಾದೆಯಾಗಿ ಉಳಿದಿಲ್ಲ.

ಗುಂಡಿಯನ್ನು ಒತ್ತಿ ದೀಪ ಬೆಳಗಿಸುತ್ತಿದ್ದ ಮಾನವನು ಇಂದು ಮಾತಿನಿಂದಲೇ ಆ ಕೆಲಸವನ್ನು ಮಾಡಿಸಬಲ್ಲನು. ಅಮೆರಿಕದ ಅಮೆಜಾನ್ ಕಂಪನಿಯು 2014ರಲ್ಲಿ ‘ಎಕೋ’ ಎಂಬ ಧ್ವನಿಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. 2017ರಲ್ಲಿ ಅದು ಭಾರತಕ್ಕೂ ಬಂದಿತು. ‘ಅಲೆಕ್ಸಾ’ ಎಂದು ಕರೆದು ಅಪ್ಪಣೆ ಕೊಟ್ಟರೆ ಅದು ಹಾಡನ್ನು ಕೇಳಿಸುತ್ತದೆ, ದೀಪವನ್ನು ಹೊತ್ತಿಸುತ್ತದೆ. ಇಂಥ ಯಂತ್ರಕ್ಕೆ ‘ಧ್ವನಿಸಹಾಯಕ’ ಎಂದು ಹೆಸರು. ಇದು ತನ್ನ ಹೆಸರನ್ನು ಮಾತ್ರ ತಾನೇ ಗುರುತಿಸುತ್ತದೆ. ಮುಂದಿನ ಮಾತನ್ನು ಅಂತರ್ಜಾಲದ ಮೂಲಕ ಕಂಪನಿಯ ದೂರದ ಗಣಕಯಂತ್ರಕ್ಕೆ ಕಳುಹಿಸುತ್ತದೆ. ಮಾತಿನ ಅರ್ಥವನ್ನು ತಿಳಿಯುವ ಕೆಲಸ ನಡೆಯುವುದು ಅಲ್ಲಿ. ನಮ್ಮ ಕೋಣೆಯ ದೀಪ ಹೊತ್ತಬೇಕಾದರೆ ನಮ್ಮ ಧ್ವನಿ ಊರು ಬಿಟ್ಟು ಹೋಗಿ ಬರಬೇಕು.

ಹಾಗೆ ಹೋದ ಧ್ವನಿ ಅಲ್ಲಿ ಏನಾಗುತ್ತದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕೆಲವು ದೊಡ್ಡ ಕಂಪನಿಗಳಲ್ಲಿ ಗ್ರಾಹಕರ ಧ್ವನಿಮುದ್ರಿಕೆಗಳ ಒಂದು ಭಾಗವನ್ನು ಕೆಲಸಗಾರರು ಕಿವಿಯಿಟ್ಟು ಕೇಳುತ್ತಾರೆಂಬ ಸಂಗತಿ 2019ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಯಂತ್ರದ ತಪ್ಪುಗಳನ್ನು ತಿದ್ದುವುದಕ್ಕಾಗಿ ಹೀಗೆ ಮಾಡುತ್ತಿದ್ದೇವೆಂದು ಕಂಪನಿಗಳು ಹೇಳಿದವು. ಉದ್ದೇಶವೇನೇ ಇರಲಿ, ಮಾತನಾಡಿದವರಿಗೆ ಅದು ತಿಳಿದಿರಲಿಲ್ಲ. ಅಮೆರಿಕದ ಕೆಲವು ಎಕೋ ಯಂತ್ರಗಳಲ್ಲಿ ಧ್ವನಿಯನ್ನು ಕಂಪನಿಗೆ ಕಳುಹಿಸದಿರುವ ಆಯ್ಕೆಯೊಂದಿತ್ತು. 2025ರ ಮಾರ್ಚ್ 28ರಂದು ಅದನ್ನು ಹಿಂತೆಗೆದುಕೊಳ್ಳಲಾಯಿತು. ನಾವು ಹಣ ಕೊಟ್ಟು ತಂದ ಯಂತ್ರದ ನಡವಳಿಕೆಯನ್ನು ಬೇರೆಯವರು ಬದಲಿಸಬಲ್ಲರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮನೆಯೊಳಗಣ ಮಾತು ಮನೆಯವರ ಸ್ವತ್ತು. ಈ ತತ್ತ್ವಕ್ಕೆ ನಮ್ಮ ದೇಶದಲ್ಲಿ ನ್ಯಾಯದ ಬೆಂಬಲ ದೊರೆತ ಇತಿಹಾಸದಲ್ಲಿ ಕನ್ನಡನಾಡಿನ ಹಿರಿಯರೊಬ್ಬರ ಹೆಸರು ಸೇರಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆಗ ಅವರು ಎಂಬತ್ತು ದಾಟಿದ ವೃದ್ಧರು. ಆ ಮೊಕದ್ದಮೆಯಲ್ಲಿ ಎದ್ದ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠವು ವಿಚಾರಿಸಿ, ಖಾಸಗಿತನವು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಹಕ್ಕು ದೊರೆತರೆ ಸಾಲದು. ಅದನ್ನು ಮನೆಯಲ್ಲಿ ಉಳಿಸಿಕೊಳ್ಳುವ ಉಪಾಯವೂ ಬೇಕು.

ಅಂಥ ಉಪಾಯ ಇಂದು ಸಾಧ್ಯವಾಗಿದೆ. ಅಂತರ್ಜಾಲದ ಹಂಗಿಲ್ಲದೆ, ಆಲಿಸುವ ಮತ್ತು ಅರಿಯುವ ಕೆಲಸವನ್ನೆಲ್ಲ ಮನೆಯಲ್ಲಿಯೇ ಮಾಡುವ ಧ್ವನಿಸಹಾಯಕವನ್ನು ಆಸಕ್ತರು ತಾವೇ ಜೋಡಿಸಿಕೊಳ್ಳಬಹುದು. ಇದಕ್ಕೆ ಬೇಕಾದವು ಒಂದು ಮೈಕು, ಒಂದು ಸ್ಪೀಕರು, ಒಂದು ಚಿಕ್ಕ ಗಣಕಯಂತ್ರ ಮತ್ತು ಅಪ್ಪಣೆಯಂತೆ ವಿದ್ಯುತ್ತನ್ನು ಹರಿಸುವ ಅಥವಾ ತಡೆಯುವ ಸ್ವಿಚ್ಚುಗಳು. 2012ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ, ಅಂಗೈ ಅಗಲದ ‘ರಾಸ್ಪ್‌ಬೆರಿ ಪೈ’ ಗಣಕಯಂತ್ರವನ್ನು ಹಲವರು ಇದಕ್ಕಾಗಿ ಬಳಸುತ್ತಾರೆ. ಪೌಲಸ್ ಸ್ಕೌಟ್ಸನ್ ಎಂಬುವರು 2013ರಲ್ಲಿ ಆರಂಭಿಸಿದ ‘ಹೋಮ್ ಅಸಿಸ್ಟೆಂಟ್’ ಎಂಬ ಮುಕ್ತ ತಂತ್ರಾಂಶವು ಮನೆಯ ಉಪಕರಣಗಳನ್ನೆಲ್ಲ ಒಂದು ಸೂತ್ರದಲ್ಲಿ ಕಟ್ಟುತ್ತದೆ. ಅದರ ಬಳಗದವರು 2023ನೆಯ ವರ್ಷವನ್ನು ‘ಧ್ವನಿಯ ವರ್ಷ’ವೆಂದು ಘೋಷಿಸಿ, ಮನೆಯಲ್ಲಿಯೇ ಮಾತನ್ನು ಅರಿಯುವ ಏರ್ಪಾಡನ್ನು ಬೆಳೆಸಿದರು.

ಇದು ಕೆಲಸಮಾಡುವ ಕ್ರಮ ಸ್ವಾರಸ್ಯಕರವಾಗಿದೆ. ಮೊದಲು ಮೈಕು ಗಾಳಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಆ ಸಂಕೇತವನ್ನು ಸೆಕೆಂಡಿಗೆ 16,000 ಬಾರಿ ಅಳೆದು ಅಂಕಿಗಳಾಗಿ ಬರೆದಿಡಲಾಗುತ್ತದೆ. ಎರಡನೆಯದಾಗಿ, ಒಂದು ಚಿಕ್ಕ ತಂತ್ರಾಂಶವು ಕರೆಯುವ ಹೆಸರಿಗಾಗಿ ಕಾದಿರುತ್ತದೆ. ಹೆಸರು ಕೇಳಿಸದಿದ್ದರೆ ಕ್ಷಣಕಾಲದ ಧ್ವನಿಯನ್ನು ಅದು ಅಲ್ಲಿಯೇ ಅಳಿಸಿಹಾಕುತ್ತದೆ. ಹೆಸರು ಕೇಳಿಸಿದೊಡನೆ ಮೂರನೆಯ ತಂತ್ರಾಂಶವು ಎಚ್ಚರಗೊಂಡು ಮುಂದಿನ ಮಾತನ್ನು ಬರಹಕ್ಕೆ ಇಳಿಸುತ್ತದೆ. ನಾಲ್ಕನೆಯದು ಆ ಬರಹದಲ್ಲಿ ಯಾವ ವಸ್ತು, ಯಾವ ಕೆಲಸ ಎಂಬುದನ್ನು ಆಯ್ದು ಸ್ವಿಚ್ಚಿಗೆ ಸೂಚನೆ ಕೊಡುತ್ತದೆ. ಕೊನೆಯದು, ಕೆಲಸವಾಯಿತೆಂದು ಕೃತಕ ಧ್ವನಿಯಲ್ಲಿ ಹೇಳುತ್ತದೆ. ಈ ಐದು ಹೆಜ್ಜೆಗಳಲ್ಲಿ ಒಂದೂ ಹೊಸ್ತಿಲನ್ನು ದಾಟುವುದಿಲ್ಲ.

ಹಾಗಾದರೆ ಈ ಯಂತ್ರಕ್ಕೆ ಕನ್ನಡ ತಿಳಿಯುವುದೇ? ಮಾತನ್ನು ಬರಹಕ್ಕಿಳಿಸುವ ‘ವಿಸ್ಪರ್’ ಎಂಬ ತಂತ್ರಾಂಶವನ್ನು ಓಪನ್‌ಎಐ ಸಂಸ್ಥೆಯು 2022ರಲ್ಲಿ ಎಲ್ಲರಿಗೂ ಮುಕ್ತವಾಗಿ ನೀಡಿತು. ಅದು ಬಲ್ಲ ಭಾಷೆಗಳಲ್ಲಿ ಕನ್ನಡವೂ ಒಂದು. ಆದರೆ ಚಿಕ್ಕ ಯಂತ್ರದಲ್ಲಿ ನಡೆಯುವ ಅದರ ಕಿರಿಯ ಆವೃತ್ತಿಗಳು ಕನ್ನಡದಲ್ಲಿ ತಪ್ಪುವುದು ಹೆಚ್ಚು. ಈ ಕೊರತೆಯನ್ನು ನೀಗಲು ನಮ್ಮ ವಿದ್ವಾಂಸರು ಶ್ರಮಿಸುತ್ತಿದ್ದಾರೆ. ಮದರಾಸಿನ ಐ.ಐ.ಟಿ.ಯ ‘ಎಐ4ಭಾರತ್’ ಕೇಂದ್ರವು ಭಾರತೀಯ ಭಾಷೆಗಳಿಗಾಗಿ ಮುಕ್ತ ತಂತ್ರಾಂಶಗಳನ್ನು ರಚಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ‘ರೆಸ್ಪಿನ್’ ಯೋಜನೆಯಲ್ಲಿ, ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಪ್ರಾದೇಶಿಕ ನುಡಿಗಳ ಮಾತನ್ನು ಸಂಗ್ರಹಿಸಿದೆ.

ಪ್ರಾದೇಶಿಕ ನುಡಿಯ ಮಹತ್ವವನ್ನು ತಿಳಿಯಲು ತಿಕೋಟಾ ಇಲ್ಲವೆ ಬಬಲೇಶ್ವರದ ಕಡೆಯ ಒಂದು ತೋಟದ ವಸ್ತಿಯನ್ನು ಕಲ್ಪಿಸಿಕೊಳ್ಳೋಣ. ಸುತ್ತಲೂ ದ್ರಾಕ್ಷಿಯ ತೋಟ; ಊರು ದೂರ; ಅಂತರ್ಜಾಲದ ಸಂಪರ್ಕ ಒಮ್ಮೆ ಇದ್ದರೆ ಒಮ್ಮೆ ಇಲ್ಲ. ಮಂಡಿನೋವಿನಿಂದ ಏಳಲಾರದ ಆಯಿ ಕತ್ತಲಾದಾಗ “ಲೈಟ್ ಹಚ್ಚು” ಎನ್ನುತ್ತಾಳೆ. ಮೈಸೂರಿನ ಕಡೆಯ ಮನೆಯಲ್ಲಾದರೆ “ಲೈಟ್ ಹಾಕು” ಎನ್ನುತ್ತಾರೆ. ದೂರದ ಕಂಪನಿಯ ಯಂತ್ರಕ್ಕೆ ಆಯಿಯ ಮಾತು ತಿಳಿಯದಿದ್ದರೆ ಆಯಿಯೇ ತನ್ನ ಮಾತನ್ನು ಬದಲಿಸಿಕೊಳ್ಳಬೇಕು. ಮನೆಯ ಯಂತ್ರದಲ್ಲಾದರೆ ಮೊಮ್ಮಗಳು ‘ಹಚ್ಚು’, ‘ಚಾಲೂ ಮಾಡು’, ‘ಬಂದ್ ಮಾಡು’ ಎಂಬ ಮಾತುಗಳನ್ನು ತಾನೇ ಪಟ್ಟಿಯಲ್ಲಿ ಬರೆದು ಸೇರಿಸಬಹುದು. ಯಂತ್ರವು ಲೋಕದ ಮಾತನ್ನೆಲ್ಲ ಅರಿಯಬೇಕಾದುದಿಲ್ಲ. ಆ ಮನೆಯ ಕೆಲವು ಮಾತುಗಳನ್ನು ಅರಿತರೆ ಸಾಕು. ಅಪ್ಪಣೆಗಳ ಪಟ್ಟಿ ಚಿಕ್ಕದಾದಷ್ಟೂ ಯಂತ್ರ ತಪ್ಪುವುದು ಕಡಿಮೆ. ಹೀಗೆ ಮನೆಮಾತು ಮನೆಯಲ್ಲಿ ಉಳಿಯುವುದಲ್ಲದೆ ಮನೆಯವರ ಮಾತಾಗಿಯೇ ಉಳಿಯುತ್ತದೆ.

ಇದರಲ್ಲಿ ತೊಡಕುಗಳಿಲ್ಲವೆಂದಲ್ಲ. ಚಿಕ್ಕ ಗಣಕಯಂತ್ರವು ಒಂದು ವಾಕ್ಯವನ್ನು ಅರಿಯಲು ಕೆಲವು ಸೆಕೆಂಡು ತೆಗೆದುಕೊಳ್ಳಬಹುದು. ಮಿಕ್ಸರು ತಿರುಗುತ್ತಿರುವಾಗ ಮಾತು ಕೇಳಿಸದಿರಬಹುದು. ಕರೆಂಟು ಹೋದರೆ ಬ್ಯಾಟರಿಯ ಆಸರೆ ಬೇಕು. ಕೊಳವೆಬಾವಿಯ ಮೋಟಾರನ್ನು ದೀಪದ ಚಿಕ್ಕ ಸ್ವಿಚ್ಚಿಗೆ ಎಂದಿಗೂ ಜೋಡಿಸಬಾರದು. ಅದಕ್ಕೆ ತಕ್ಕ ಸ್ಟಾರ್ಟರನ್ನು ಬಲ್ಲ ಎಲೆಕ್ಟ್ರಿಶಿಯನ್ನನೇ ಅಳವಡಿಸಬೇಕು. ಯಾರ ಧ್ವನಿಗಾದರೂ ಯಂತ್ರವು ಓಗೊಡುವ ಸಂಭವವಿರುವುದರಿಂದ ಮುಂಬಾಗಿಲಿನ ಬೀಗವನ್ನು ಮಾತಿನ ವಶಕ್ಕೆ ಕೊಡುವುದು ವಿವೇಕವಲ್ಲ.

ಯಂತ್ರವು ನಿಜವಾಗಿ ಮನೆಯಲ್ಲಿಯೇ ಕೆಲಸಮಾಡುತ್ತಿದೆಯೆ ಎಂಬುದನ್ನು ಅರಿಯಲು ಸುಲಭವಾದ ಪರೀಕ್ಷೆಯೊಂದುಂಟು. ಎಲ್ಲವನ್ನೂ ಜೋಡಿಸಿದ ಬಳಿಕ ಹೊರಗಿನಿಂದ ಬರುವ ಅಂತರ್ಜಾಲದ ತಂತಿಯನ್ನು ಕಳಚಿ ಅಪ್ಪಣೆ ಕೊಡಬೇಕು. ದೀಪ ಹೊತ್ತಿದರೆ ಆ ಅಪ್ಪಣೆಗೆ ಹೊರಗಿನವರ ನೆರವು ಬೇಕಿಲ್ಲವೆಂದು ತಿಳಿಯಬಹುದು. ಹೊತ್ತದಿದ್ದರೆ ಐದು ಹೆಜ್ಜೆಗಳಲ್ಲಿ ಯಾವುದು ಹೊರಗೆ ಹೋಗುತ್ತಿದೆಯೆಂದು ಹುಡುಕಬೇಕು.

ಆದರೆ ಒಂದು ಪರೀಕ್ಷೆಯನ್ನು ಯಾವ ತಂತಿಯೂ ಮಾಡಿಕೊಡಲಾರದು. ಮನೆಯೊಳಗೇ ಒಬ್ಬರ ಮಾತನ್ನು ಇನ್ನೊಬ್ಬರು ಕದ್ದು ಕೇಳಲು ಈ ಯಂತ್ರವನ್ನು ಬಳಸಿದರೆ, ದೂರದ ಕಂಪನಿಯಿಂದ ತಪ್ಪಿಸಿಕೊಂಡು ಬಂದ ಫಲವೇನು? ಆದ್ದರಿಂದ ಮೈಕನ್ನು ಎಲ್ಲರೂ ಕೂಡುವ ಪಡಸಾಲೆಯಲ್ಲಿ ಇಡಬೇಕು. ಮನೆಯವರೆಲ್ಲರ ಒಪ್ಪಿಗೆ ಪಡೆಯಬೇಕು. ಬಂದ ಅತಿಥಿಗಳಿಗೆ ಅದರ ಇರವನ್ನು ತಿಳಿಸಬೇಕು. ಅದನ್ನು ಆರಿಸುವ ಗುಂಡಿ ಎಲ್ಲರ ಕೈಗೂ ಎಟುಕುವಂತಿರಬೇಕು. ಕೇಳುವ ಕಿವಿಯನ್ನು ಮಾಡುವುದು ಜಾಣ್ಮೆ; ಅದನ್ನು ಯಾವಾಗ ಮುಚ್ಚಬೇಕೆಂದು ಅರಿಯುವುದು ಸಂಸ್ಕಾರ.

ಶಬ್ದಾರ್ಥ

ಮೊಗಸಾಲೆ – ಮುಂಚಾಚಿದ ಪಡಸಾಲೆ
ವಸ್ತಿ – ಹೊಲದಲ್ಲಿಯ ಮನೆ
ಓಗೊಡು – ಕರೆಗೆ ಉತ್ತರ ಕೊಡು
ಇರವು – ಇರುವಿಕೆ

ಅಭ್ಯಾಸ

1. ಗೋಳಗುಮ್ಮಟದಲ್ಲಿ ಪಿಸುಮಾತು ಎದುರು ಬದಿಗೆ ಕೇಳಿಸಲು ಕಾರಣವೇನು?
2. ಮನೆಯ ಧ್ವನಿಸಹಾಯಕವು ಕೆಲಸಮಾಡುವ ಐದು ಹೆಜ್ಜೆಗಳನ್ನು ಕ್ರಮವಾಗಿ ಬರೆಯಿರಿ.
3. ಅಪ್ಪಣೆಗಳನ್ನು ಮನೆಯವರೇ ಬರೆದು ಸೇರಿಸುವುದರಿಂದ ಆಗುವ ಪ್ರಯೋಜನವೇನು?
4. ನಿಮ್ಮ ಮನೆಯಲ್ಲಿ ದೀಪ, ಫ್ಯಾನುಗಳ ಬಗ್ಗೆ ಹಿರಿಯರು ಬಳಸುವ ಮಾತುಗಳನ್ನು ಸಂಗ್ರಹಿಸಿರಿ.